ಹತ್ತು ವರ್ಷದ ವಾಯಿದೆ

2020ರ ನವೆಂಬರ್ 30ರಂದು ಸೆಂಟ್‌ಓಎಸ್ 6 ತೀರಿಕೊಂಡಿತು. ತೀರಿಕೊಂಡಿತು ಅಂದರೆ ಯಾವ ಸರ್ವರೂ ಆಫ್ ಆಗಲಿಲ್ಲ, ಯಾವ ವೆಬ್‌ಸೈಟೂ ಬೀಳಲಿಲ್ಲ. ಅವತ್ತಿನಿಂದ ಅದಕ್ಕೆ ಹೊಸ ತೇಪೆ ಬರೋದು ನಿಂತಿತು, ಅಷ್ಟೆ. ಸರಿಯಾಗಿ ಎಂಟು ದಿನಕ್ಕೆ, ಡಿಸೆಂಬರ್ 8ರಂದು, ಇನ್ನೊಂದು ಪ್ರಕಟಣೆ ಬಂತು. 2029ರವರೆಗೆ ಬದುಕಬೇಕಿದ್ದ ಸೆಂಟ್‌ಓಎಸ್ 8ರ ಆಯಸ್ಸು 2021ರ ಡಿಸೆಂಬರ್ 31ಕ್ಕೇ ಮುಗಿಯಲಿದೆ ಅಂತ. ಅಜ್ಜನ ತಿಥಿ ಮುಗಿಯೋ ಮೊದಲೇ ಮೊಮ್ಮಗನ ಜಾತಕದಿಂದ ಏಳು ವರ್ಷ ಕತ್ತರಿಸಿ ಹಾಕಿದ ಹಾಗೆ.

ಇದರಲ್ಲಿ ಒಂದು ತಮಾಷೆ ಇದೆ, ನಗು ಬರದ ತಮಾಷೆ. ಶಿಸ್ತಾಗಿ ಗಡುವು ನೋಡಿಕೊಂಡು 6ರಿಂದ ನೇರ 8ಕ್ಕೆ ಹೋದವರಿಗೆ ಸಿಕ್ಕಿದ್ದು ಒಂದೇ ವರ್ಷ. ಏನೂ ಮಾಡದೆ 7ರ ಮೇಲೆ ಕಾಲು ಚಾಚಿ ಮಲಗಿದ್ದವರಿಗೆ 2024ರ ಜೂನ್ 30ರ ತನಕ ಸಮಯ ಇತ್ತು. ಬೆಳಗ್ಗೆ ಬೇಗ ಎದ್ದವನಿಗಿಂತ ಮಲಗಿದ್ದವನಿಗೇ ಹೆಚ್ಚು ಹಾಲು ಸಿಕ್ಕ ಅಪರೂಪದ ಪ್ರಸಂಗ ಅದು.

"ನಾನು ಸರ್ವರ್ ಮುಟ್ಟೋನಲ್ಲ, ನನಗ್ಯಾಕೆ ಇದು?" ಅಂತ ನೀವು ಕೇಳಬಹುದು. ನಿಮ್ಮ ಸಂಬಳದ ಸ್ಲಿಪ್ಪು, ಬಸ್ಸಿನ ಟಿಕೆಟ್ಟು, ಮಕ್ಕಳ ಸ್ಕೂಲ್ ಫೀಸಿನ ರಸೀದಿ ಇವೆಲ್ಲ ಎಲ್ಲೋ ಒಂದು ಲಿನಕ್ಸ್ ಸರ್ವರ್ ಹಾದು ಬಂದಿರುವ ಸಾಧ್ಯತೆ ಬಹಳ. ಆ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಯಾವ ಕಾಲದ್ದು, ಅದನ್ನ ನೋಡಿಕೊಳ್ಳೋರು ಯಾರು, ಅವರಿಗೆ ಅನ್ನ ಹಾಕೋರು ಯಾರು ಅನ್ನೋದರ ಮೇಲೆ ನಮ್ಮೆಲ್ಲರ ದಿನ ನಿಂತಿದೆ. ಆ ಪ್ರಶ್ನೆಗಳಿಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕ ಉತ್ತರಗಳ ಕಥೆಯೇ ಸೆಂಟ್‌ಓಎಸ್ ಕಥೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಿಬಿಡ್ತೀನಿ. ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ. ನಮ್ಮೂರು ಅರಸೀಕೆರೆ ಕಡೆ. ಹಂಚಿನ ಮನೆ ಇದ್ದವರಿಗೆ ಗೊತ್ತು, ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸಬೇಕು. ಒಡೆದ ಹಂಚು ತೆಗೆದು ಬೇರೆ ಹಾಕೋದು, ಸರಿದದ್ದನ್ನ ಕೂರಿಸೋದು, ಕಸ ಗುಡಿಸೋದು. ಮನೆಯೊಳಗಿನವರು ಅಡುಗೆ ನಿಲ್ಲಿಸೋದೂ ಬೇಡ. ಅದು ಅಪ್‌ಡೇಟ್. ಆದರೆ ಒಂದು ದಿನ ತೊಲೆಗೇ ಗೆದ್ದಲು ಹಿಡಿದಿರುತ್ತೆ. ಆಗ ಹಂಚು ಬದಲಿಸಿ ಪ್ರಯೋಜನ ಇಲ್ಲ, ಸಾಮಾನೆಲ್ಲ ಹೊರಗೆ ಹಾಕಿ ಮಾಡನ್ನೇ ಇಳಿಸಬೇಕು. ಅದು ಅಪ್‌ಗ್ರೇಡ್. ಮೊದಲನೆಯದನ್ನ ಆಳು ಮಾಡ್ತಾನೆ, ಎರಡನೆಯದಕ್ಕೆ ಮನೆ ಯಜಮಾನ ನಿರ್ಧಾರ ಮಾಡಬೇಕು. ಸರ್ವರ್ ಲೋಕದಲ್ಲೂ ಹಾಗೇ. ಅಪ್‌ಗ್ರೇಡ್ ನಿಲ್ಲೋದು ಯಾವಾಗಲೂ ಯಜಮಾನನ ಹತ್ತಿರ.

ಈಗ ಕಥೆಗೆ ಬರೋಣ. 1990ರ ದಶಕದಲ್ಲಿ ಲಿನಕ್ಸ್ ಅಂದರೆ ಬಹಳ ಜನಕ್ಕೆ ರೆಡ್ ಹ್ಯಾಟ್ ಲಿನಕ್ಸ್. ಮಾರ್ಕ್ ಎವಿಂಗ್ ಶುರು ಮಾಡಿದ್ದು, ಬಾಬ್ ಯಂಗ್ ವ್ಯಾಪಾರಕ್ಕೆ ತಂದದ್ದು. ಡಬ್ಬಿಯಲ್ಲಿ ಕೊಂಡರೆ ದುಡ್ಡು, ಡೌನ್‌ಲೋಡ್ ಮಾಡಿಕೊಂಡರೆ ಬಿಟ್ಟಿ. 1999ರಲ್ಲಿ ಕಂಪನಿ ಷೇರು ಮಾರುಕಟ್ಟೆಗೂ ಬಂತು. ಆದರೆ ಬಿಟ್ಟಿ ಡೌನ್‌ಲೋಡಿನಿಂದ ಕಂಪನಿ ನಡೆಯೋದು ಕಷ್ಟ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು: ಆರೇಳು ತಿಂಗಳಿಗೊಂದು ಹೊಸ ಆವೃತ್ತಿ ಬರ್ತಿತ್ತು. ಬ್ಯಾಂಕಿನವನಿಗೆ, ಡೇಟಾಬೇಸ್ ಮಾರುವವನಿಗೆ ಆ ವೇಗ ಬೇಡ. ಅವನಿಗೆ ಬೇಕಿದ್ದದ್ದು ಹೊಸತನವಲ್ಲ, ಅಲುಗಾಡದ ನೆಲ.

ಹಾಗಾಗಿ 2002ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ದಾರಿ ಹಿಡಿಯಿತು. ಮಾಮೂಲಿ ರೆಡ್ ಹ್ಯಾಟ್ ಲಿನಕ್ಸ್‌ನ ಕೊನೆಯ ಆವೃತ್ತಿ 9, 2003ರ ಮಾರ್ಚ್‌ನಲ್ಲಿ ಬಂದು 2004ರ ಏಪ್ರಿಲ್ 30ಕ್ಕೆ ಮುಗಿಯಿತು. ಆಮೇಲೆ ಎರಡು ದಾರಿ. ಹೊಸದು ಬೇಕಾ, ಫೆಡೋರಾ ತಗೊಳ್ಳಿ, ಬಿಟ್ಟಿ, ಆದರೆ ವರ್ಷಕ್ಕೊಮ್ಮೆ ಮನೆ ಬದಲಿಸಿ. ಗಟ್ಟಿ ಬೇಕಾ, ಎಂಟರ್‌ಪ್ರೈಸ್ ತಗೊಳ್ಳಿ, ವರ್ಷ ವರ್ಷ ಚಂದಾ ಕಟ್ಟಿ. ಪ್ರತಿಯಾಗಿ ಒಂದು ವಾಯಿದೆ: ಇಷ್ಟು ವರ್ಷ ನಾವು ಇದರ ಹಂಚು ಕೈಯಾಡಿಸ್ತೀವಿ, ತೊಲೆ ಮುಟ್ಟಲ್ಲ. ಒಂದು ಕಾಲಕ್ಕೆ ಆ ವಾಯಿದೆ 7 ವರ್ಷದ್ದು. 2012ರಲ್ಲಿ ಅದನ್ನ 10 ವರ್ಷಕ್ಕೆ ಏರಿಸಿದರು.

ಈ ವಾಯಿದೆ ನಡೆಸೋ ರೀತಿ ಬಹಳ ಸೊಗಸು. ಸೆಂಟ್‌ಓಎಸ್ 7ರ ಕರ್ನಲ್ ಸಂಖ್ಯೆ 3.10, ಮೂಲದಲ್ಲಿ 2013ರದ್ದು. 2024ರಲ್ಲಿ ನೋಡಿದರೂ 3.10 ಅಂತಲೇ ತೋರಿಸ್ತಿತ್ತು. ಹೊಸಬರು ಇದನ್ನ ನೋಡಿ ಗಾಬರಿ ಆಗ್ತಾರೆ. ಆದರೆ ಒಳಗೆ ಹನ್ನೊಂದು ವರ್ಷದ ತೇಪೆಗಳಿರುತ್ತವೆ. ಹೊಸ ಕರ್ನಲ್‌ನಲ್ಲಿ ಸಿಕ್ಕ ತೂತನ್ನ ಅಲ್ಲಿ ಹೇಗೆ ಮುಚ್ಚಿದರು ಅಂತ ನೋಡಿ, ಅದೇ ತೇಪೆಯನ್ನ ಹಳೇ ಬಟ್ಟೆಯ ಅಳತೆಗೆ ಕತ್ತರಿಸಿ ಹೊಲಿಯೋದು. ಬ್ಯಾಕ್‌ಪೋರ್ಟಿಂಗ್ ಅಂತಾರೆ. ಹೊಸದು ಬರೆಯೋದಕ್ಕಿಂತ ಬೇಜಾರಿನ ಕೆಲಸ, ಹೆಸರೂ ಬರಲ್ಲ. ಚಂದಾ ಹೋಗ್ತಿದ್ದದ್ದು ಈ ದರ್ಜಿ ಕೆಲಸಕ್ಕೆ.

ಆದರೆ ಲಿನಕ್ಸ್‌ನ ಲೈಸೆನ್ಸು ಬೇರೆ ಥರ. ಜಿಪಿಎಲ್ ಪ್ರಕಾರ ಪ್ರೋಗ್ರಾಂ ಕೊಟ್ಟವರಿಗೆ ಅದರ ಮೂಲ ಕೋಡನ್ನೂ ಕೊಡಬೇಕು, ಪಡೆದವರು ಅದನ್ನ ಹಂಚೋದನ್ನ ತಡೆಯೋ ಹಾಗಿಲ್ಲ. ರೆಡ್ ಹ್ಯಾಟ್ ಆಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿರಾಕಿಗಳಿಗಷ್ಟೇ ಅಲ್ಲ, ಯಾರು ಬೇಕಾದರೂ ತಗೊಳ್ಳಲಿ ಅಂತ ಮೂಲ ಕೋಡ್ ಪೂರ್ತಿ ಬಯಲಲ್ಲಿ ಇಟ್ಟಿತ್ತು. ಹೆಸರು ಮತ್ತು ಕೆಂಪು ಟೋಪಿಯ ಚಿತ್ರ ಮಾತ್ರ ಟ್ರೇಡ್‌ಮಾರ್ಕ್. ಅಂದರೆ ಟೋಪಿ ತೆಗೆದು, ಹೆಸರು ಅಳಿಸಿ, ಅದೇ ಕೋಡನ್ನ ಮತ್ತೆ ಕಟ್ಟಿದರೆ ಅದೇ ಆಪರೇಟಿಂಗ್ ಸಿಸ್ಟಂ, ಬೇರೆ ಹೆಸರಲ್ಲಿ, ಬಿಟ್ಟಿ.

ಇದನ್ನ ಮೊದಮೊದಲಿಗೆ ಮಾಡಿದವರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ಇತ್ತು ಅನ್ನೋದು ನನಗೆ ಇಡೀ ಕಥೆಯಲ್ಲಿ ಇಷ್ಟದ ಭಾಗ. ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ಡಿರಿಡರ್ ಅನ್ನೋ ಸಣ್ಣ ಊರು. ಅಲ್ಲಿನ ಬೋರೆಗಾರ್ಡ್ ಪ್ಯಾರಿಷ್ ಲೈಬ್ರರಿಯ ಕಂಪ್ಯೂಟರ್‌ಗಳೆಲ್ಲ ರೆಡ್ ಹ್ಯಾಟ್ ಲಿನಕ್ಸ್ ಮೇಲೆ ಓಡ್ತಿದ್ದವು. ಅದು ನಿಲ್ಲುತ್ತೆ ಅಂದಾಗ ಅಲ್ಲಿನ ಜಾನ್ ಮೋರಿಸ್, ಎಂಟರ್‌ಪ್ರೈಸ್ ಕೋಡನ್ನ ತಾನೇ ಕಟ್ಟಿ ವೈಟ್ ಬಾಕ್ಸ್ ಎಂಟರ್‌ಪ್ರೈಸ್ ಲಿನಕ್ಸ್ ಅಂತ ಹೆಸರಿಟ್ಟು 2003ರ ಕೊನೆಗೆ ಜಗತ್ತಿಗೆ ಬಿಟ್ಟರು. ಲೈಬ್ರರಿಗೆ ಬೇಕಿತ್ತು, ಮಾಡಿಕೊಂಡರು, ಮಿಕ್ಕವರಿಗೂ ಕೊಟ್ಟರು. ಅದೇ ಹೊತ್ತಿಗೆ ಫರ್ಮಿಲ್ಯಾಬ್ ಮತ್ತು ಸರ್ನ್‌ನ ಭೌತಶಾಸ್ತ್ರದವರು ಸೈಂಟಿಫಿಕ್ ಲಿನಕ್ಸ್ ಅಂತ ಮಾಡಿಕೊಂಡರು. ಇನ್ನೊಂದು ಕಡೆ ಗ್ರೆಗರಿ ಕರ್ಟ್ಜರ್ ಶುರು ಮಾಡಿದ್ದ ಕಾವೋಸ್ ಅನ್ನೋ ಯೋಜನೆಯ ಹೊಟ್ಟೆಯಿಂದ 2004ರಲ್ಲಿ ಸೆಂಟ್‌ಓಎಸ್ ಹುಟ್ಟಿತು. ಸಮುದಾಯದ ಎಂಟರ್‌ಪ್ರೈಸ್ ಆಪರೇಟಿಂಗ್ ಸಿಸ್ಟಂ ಅನ್ನೋದರ ಚುಟುಕು ಅದು. ಆ ಆರಂಭದ ಬಳಗದಲ್ಲಿ ರಾಕಿ ಮೆಕ್‌ಗಾ ಅಂತ ಒಬ್ಬರಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ರೆಡ್ ಹ್ಯಾಟ್ ವಕೀಲರು ಟ್ರೇಡ್‌ಮಾರ್ಕ್ ಬಗ್ಗೆ ಪತ್ರ ಬರೆದ ಮೇಲೆ ಸೆಂಟ್‌ಓಎಸ್‌ನವರು ಮೂಲ ಕಂಪನಿಯ ಹೆಸರನ್ನೇ ಎತ್ತೋದು ಬಿಟ್ಟರು. "ಉತ್ತರ ಅಮೆರಿಕದ ಒಂದು ಪ್ರಮುಖ ಎಂಟರ್‌ಪ್ರೈಸ್ ಲಿನಕ್ಸ್ ಕಂಪನಿ" ಅಂತ ಬರೀತಿದ್ದರು. ನಮ್ಮಲ್ಲಿ ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ "ನಮ್ಮನೆಯವರು" ಅಂತಿದ್ದರಲ್ಲ, ಥೇಟ್ ಹಾಗೆ. ಯಾರು ಅಂತ ಊರಿಗೆಲ್ಲ ಗೊತ್ತು, ಹೆಸರು ಮಾತ್ರ ಬಾಯಿಗೆ ಬರೋ ಹಾಗಿಲ್ಲ.

2006ರಲ್ಲಿ ನಡೆದದ್ದೊಂದು ಹೇಳದಿದ್ದರೆ ತಪ್ಪಾಗುತ್ತೆ. ಅಮೆರಿಕದ ಓಕ್ಲಹೋಮಾದ ಟಟಲ್ ಅನ್ನೋ ಪಟ್ಟಣದ ವೆಬ್‌ಸೈಟ್ ತೆಗೆದರೆ ಊರಿನ ಪುಟದ ಬದಲು ಸೆಂಟ್‌ಓಎಸ್‌ನ ಡೀಫಾಲ್ಟ್ ಪುಟ ಬರ್ತಿತ್ತು. ಹೋಸ್ಟಿಂಗ್ ಕಡೆ ಸರ್ವರ್ ಸರಿಯಾಗಿ ಹೊಂದಿಸಿರಲಿಲ್ಲ, ಅಷ್ಟೇ ವಿಷಯ. ಪಟ್ಟಣದ ಮ್ಯಾನೇಜರ್‌ಗೆ ಮಾತ್ರ ಸೆಂಟ್‌ಓಎಸ್ ಅನ್ನೋರು ನಮ್ಮ ಸೈಟ್ ಹ್ಯಾಕ್ ಮಾಡಿದ್ದಾರೆ ಅನ್ನಿಸಿತು. ಎಫ್‌ಬಿಐಗೆ ದೂರು ಕೊಡ್ತೀನಿ ಅಂತ ಅವರಿಗೇ ಮೇಲ್ ಬರೆದರು. ಸೆಂಟ್‌ಓಎಸ್‌ನ ಜಾನಿ ಹ್ಯೂಸ್ ಸಮಾಧಾನದಿಂದ ಒಂದೊಂದೇ ಮೇಲ್‌ಗೆ ಉತ್ತರ ಕೊಟ್ಟು, ಕೊನೆಗೆ ತೊಂದರೆ ಎಲ್ಲಿದೆ ಅಂತ ತಾವೇ ಹುಡುಕಿ ಹೇಳಿದರು. ದುಡ್ಡು ಕೊಡದ ಗಿರಾಕಿ ಬೈತಿದ್ದಾನೆ, ಸಂಬಳ ಇಲ್ಲದ ಕೆಲಸಗಾರ ರಿಪೇರಿ ಮಾಡಿಕೊಡ್ತಿದ್ದಾನೆ. ಜನ ಅವತ್ತು ನಕ್ಕರು. ನನಗೆ ಈಗ ಅದು ಇಡೀ ವ್ಯವಸ್ಥೆಯ ಫೋಟೋ ಥರ ಕಾಣುತ್ತೆ.

ನಾನು ಬಿಇ ಓದುವಾಗ ಕಾಲೇಜಿನ ಲ್ಯಾಬಲ್ಲಿ ಇದ್ದದ್ದು ಸೆಂಟ್‌ಓಎಸ್ 5. ಹಾಸ್ಟೆಲ್ ಹುಡುಗರ ನಡುವೆ ಒಂದು ಡಿವಿಡಿ ಕೈ ಬದಲಾಗ್ತಾ ಮೈಯೆಲ್ಲ ಗೀರಾಗಿತ್ತು. ಊರಿಂದ ಬಂದವನ ಜೇಬಲ್ಲಿ ಸೈಬರ್ ಕೆಫೆಗೆ ಗಂಟೆಗೆ ಇಪ್ಪತ್ತು ರೂಪಾಯಿ ಇದ್ದರೆ ಹೆಚ್ಚು. ಲೈಸೆನ್ಸ್ ಕೊಂಡು ಕಲಿ ಅಂದಿದ್ದರೆ ನಾನು ಈ ಕೆಲಸಕ್ಕೆ ಬರ್ತಾನೇ ಇರಲಿಲ್ಲ. ದೊಡ್ಡ ಕಂಪನಿಗಳು ಲಕ್ಷಾಂತರ ಕೊಟ್ಟು ಓಡಿಸುವ ಸಿಸ್ಟಂನದೇ ಪ್ರತಿ, ಅದೇ ಕಮಾಂಡು, ಅದೇ ಕಡತ, ಅದೇ ತೊಂದರೆ, ನನ್ನ ಕೈಯಲ್ಲಿ ಬಿಟ್ಟಿ ಇತ್ತು. ಇಂಟರ್ವ್ಯೂನಲ್ಲಿ "ರೆಡ್ ಹ್ಯಾಟ್ ಗೊತ್ತಾ?" ಅಂತ ಕೇಳಿದರೆ "ಗೊತ್ತು" ಅನ್ನೋದಕ್ಕೆ ಧೈರ್ಯ ಕೊಟ್ಟಿದ್ದು ಸೆಂಟ್‌ಓಎಸ್. ಬೆಂಗಳೂರಿಗೆ ಬಸ್ಸು ಹತ್ತಿದ ನನ್ನಂಥವರು ಎಷ್ಟು ಜನ ಇದ್ದಾರೋ.

ಆದರೆ ಒಳಗೆ ಆ ಮನೆ ಎಷ್ಟು ತೆಳ್ಳಗಿನ ಗೋಡೆಯ ಮೇಲೆ ನಿಂತಿತ್ತು ಅನ್ನೋದು 2009ರಲ್ಲಿ ಗೊತ್ತಾಯ್ತು. ಆ ವರ್ಷ ಜುಲೈ 30ರಂದು ಸೆಂಟ್‌ಓಎಸ್‌ನ ಡೆವಲಪರ್‌ಗಳು ತಮ್ಮದೇ ಯೋಜನೆಯ ಲ್ಯಾನ್ಸ್ ಡೇವಿಸ್‌ಗೆ ಬಹಿರಂಗ ಪತ್ರ ಬರೆದರು. ಯೋಜನೆಯ ಡೊಮೈನ್ ಅವರ ಕೈಯಲ್ಲಿ, ದೇಣಿಗೆ ಬರೋ ಖಾತೆ ಅವರ ಕೈಯಲ್ಲಿ, ಮನುಷ್ಯ ಮಾತ್ರ ಸಂಪರ್ಕಕ್ಕೇ ಸಿಗ್ತಿಲ್ಲ. ಕೆಲವೇ ದಿನದಲ್ಲಿ ಮಾತುಕತೆಯಾಗಿ ಅದು ಬಗೆಹರಿಯಿತು. ಆದರೆ ಲೋಕದ ಅಷ್ಟೊಂದು ಸರ್ವರ್‌ಗಳ ಬೀಗದ ಕೈ ಬೆರಳೆಣಿಕೆ ಜನರ ಹತ್ತಿರ ಇದೆ ಅನ್ನೋದು ಬಯಲಾಯ್ತು. ಮರುವರ್ಷ, 2010ರ ಜುಲೈ ಹೊತ್ತಿಗೆ, ಲಿನಕ್ಸ್ ಬಳಸುವ ವೆಬ್ ಸರ್ವರ್‌ಗಳಲ್ಲಿ ಹತ್ತಿರ ಹತ್ತಿರ ಶೇ. 30ರಷ್ಟು ಸೆಂಟ್‌ಓಎಸ್ ಮೇಲಿದ್ದವು.

ಮುಂದಿನ ಏಟು ತಡವಾದದ್ದರಿಂದ ಬಿತ್ತು. ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ 6ನ್ನು 2010ರ ನವೆಂಬರ್‌ನಲ್ಲಿ ಬಿಟ್ಟಿತು. ಸೆಂಟ್‌ಓಎಸ್ 6 ಬಂದದ್ದು 2011ರ ಜುಲೈನಲ್ಲಿ. ಎಂಟು ತಿಂಗಳು. ಕೆಲಸ ಮಾಡ್ತಿದ್ದವರಿಗೆ ಹಗಲು ಬೇರೆ ನೌಕರಿ ಇತ್ತು, ಇದು ರಾತ್ರಿಯ ಸೇವೆ. ಕಾಯುವವರು ಮಾತ್ರ "ಯಾವಾಗ, ಯಾವಾಗ" ಅಂತ ಕೇಳ್ತಾನೇ ಇದ್ದರು.

ಹಾಗಾಗಿ 2014ರ ಜನವರಿ 7ರಂದು ರೆಡ್ ಹ್ಯಾಟ್ ತಾನೇ ಸೆಂಟ್‌ಓಎಸ್ ಜತೆ ಕೈಜೋಡಿಸ್ತೀನಿ ಅಂದಾಗ ಬಹಳ ಜನಕ್ಕೆ ನಿರಾಳ ಆಯ್ತು. ಮುಖ್ಯ ಡೆವಲಪರ್‌ಗಳಿಗೆ ಅಲ್ಲೇ ಕೆಲಸ, ಸಂಬಳ. ಹೆಸರು ಹೇಳೋಕೆ ಹೆದರ್ತಿದ್ದವರು ಈಗ ಅದೇ ಮನೆಯ ಸದಸ್ಯರು. ಅದೇ ಜುಲೈನಲ್ಲಿ ಸೆಂಟ್‌ಓಎಸ್ 7 ಬಂತು, ಮೂಲ ಬಂದು ಒಂದು ತಿಂಗಳೊಳಗೆ. ಆದರೆ ಆ ನಿರಾಳದ ಜತೆ ಇನ್ನೊಂದೂ ಆಗಿತ್ತು: ಟ್ರೇಡ್‌ಮಾರ್ಕೂ ಆ ಮನೆಗೇ ಸೇರಿತ್ತು. ಊರ ಕೆರೆಯನ್ನ ಚೆನ್ನಾಗಿ ನೋಡಿಕೊಳ್ತೀನಿ ಅಂದ ಗೌಡರ ಹೆಸರಿಗೆ ಪಹಣಿ ಬರೆದುಕೊಟ್ಟ ಹಾಗೆ. ಗೌಡರು ಒಳ್ಳೆಯವರೇ. ಆದರೆ ಜಮೀನು ಕೈ ಬದಲಾಗುತ್ತೆ.

ಬದಲಾಯ್ತು ಕೂಡ. 2018ರ ಅಕ್ಟೋಬರ್‌ನಲ್ಲಿ ಐಬಿಎಂ 3,400 ಕೋಟಿ ಡಾಲರ್‌ಗೆ ರೆಡ್ ಹ್ಯಾಟ್ ಕೊಳ್ಳೋದಾಗಿ ಹೇಳಿ, 2019ರ ಜುಲೈನಲ್ಲಿ ಕೊಂಡಿತು. 2019ರ ಸೆಪ್ಟೆಂಬರ್ 24ರಂದು ಸೆಂಟ್‌ಓಎಸ್ 8 ಬಂತು, ಅದೇ ದಿನ ಸೆಂಟ್‌ಓಎಸ್ ಸ್ಟ್ರೀಮ್ ಅನ್ನೋ ಹೊಸ ಕೂಸೂ ಬಂತು. ಸ್ಟ್ರೀಮ್ ಅಂದರೆ ಎಂಟರ್‌ಪ್ರೈಸ್‌ನ ಪ್ರತಿಯಲ್ಲ, ಅದರ ಮುಂದಿನ ಸಣ್ಣ ಆವೃತ್ತಿ ತಯಾರಾಗೋ ಅಂಗಳ. ಹಳೇ ಸೆಂಟ್‌ಓಎಸ್ ರೆಡ್ ಹ್ಯಾಟ್‌ನ ಹಿಂದೆ ನಡೀತಿತ್ತು, ಸ್ಟ್ರೀಮ್ ಒಂದು ಹೆಜ್ಜೆ ಮುಂದೆ ನಡೆಯುತ್ತೆ. 2020ರ ಡಿಸೆಂಬರ್ 8ರ ಪ್ರಕಟಣೆ ಹೇಳಿದ್ದು ಇಷ್ಟೇ: ಇನ್ನು ಮುಂದೆ ಸ್ಟ್ರೀಮ್ ಮಾತ್ರ.

ಭೌತಶಾಸ್ತ್ರದವರ ಗತಿ ನೋಡಿ. 2019ರ ಏಪ್ರಿಲ್‌ನಲ್ಲಿ ಫರ್ಮಿಲ್ಯಾಬ್, ಸೈಂಟಿಫಿಕ್ ಲಿನಕ್ಸ್ 8 ಮಾಡಲ್ಲ, ಸೆಂಟ್‌ಓಎಸ್ 8ಕ್ಕೇ ಹೋಗ್ತೀವಿ ಅಂತ ಹೇಳಿತ್ತು. ಇದ್ದ ಮನೆ ಬಿಟ್ಟು ನೆಂಟರ ಮನೆಗೆ ಹೊರಟಾಗ ನೆಂಟರ ಮನೆಯೇ ಖಾಲಿ. 2022ರ ಡಿಸೆಂಬರ್‌ನಲ್ಲಿ ಫರ್ಮಿಲ್ಯಾಬ್ ಮತ್ತು ಸರ್ನ್ ಎರಡೂ ಸೇರಿ ಅಲ್ಮಾಲಿನಕ್ಸ್ ಕಡೆ ಹೊರಟವು.

ಇಲ್ಲಿ ರೆಡ್ ಹ್ಯಾಟ್‌ನ ಬರೀ ಖಳನಾಯಕನ ಹಾಗೆ ನೋಡಿದರೆ ನ್ಯಾಯ ಆಗಲ್ಲ. ತೇಪೆ ಹೊಲಿಯೋ ದರ್ಜಿಗಳಿಗೆ ಸಂಬಳ ಕೊಟ್ಟಿದ್ದು ಅದೇ. ಲಿನಕ್ಸ್ ಕರ್ನಲ್‌ಗೆ ಅದರ ಎಂಜಿನಿಯರ್‌ಗಳ ಕೊಡುಗೆ ದೊಡ್ಡದು. ನಾವು ಲಿನಕ್ಸ್‌ನಲ್ಲಿ ಕನ್ನಡ ಓದಲು ಬಳಸಿದ ಲೋಹಿತ್ ಫಾಂಟು ಬಿಟ್ಟಿ ಸಿಕ್ಕಿದ್ದೂ ಆ ಮನೆಯಿಂದಲೇ. ನಾವು ಹಾಕಿದ ದುಡಿಮೆಯನ್ನ ಒಂದು ಪೈಸೆ ಕೊಡದೆ ಸಾವಿರಗಟ್ಟಲೆ ಸರ್ವರ್ ಮೇಲೆ ಓಡಿಸೋರನ್ನ ಎಷ್ಟು ದಿನ ಸಾಕೋದು ಅಂತ ಅವರು ಕೇಳಿದರೆ ಅದು ಕೇಳಬಾರದ ಪ್ರಶ್ನೆ ಅಲ್ಲ. ಜನಕ್ಕೆ ನೋವಾದದ್ದು ಬಿಟ್ಟಿ ನಿಂತದ್ದಕ್ಕಲ್ಲ, ವಾಯಿದೆ ಮಧ್ಯದಲ್ಲಿ ಮುರಿದದ್ದಕ್ಕೆ. 9ರಿಂದ ಇರಲ್ಲ ಅಂದಿದ್ದರೆ ಗೊಣಗಿಕೊಂಡು ಸುಮ್ಮನಾಗ್ತಿದ್ದರು. ಸರ್ವರ್ ಲೋಕದಲ್ಲಿ ವೇಗಕ್ಕಿಂತ, ಬೆಲೆಗಿಂತ ದೊಡ್ಡದು ತಾರೀಕು. ಯಾವ ದಿನಕ್ಕೆ ಮುಗಿಯುತ್ತೆ ಅಂತ ಗೊತ್ತಿದ್ದರೆ ಮಿಕ್ಕಿದ್ದನ್ನ ಹೊಂದಿಸಿಕೊಳ್ಳಬಹುದು.

ಪ್ರಕಟಣೆ ಬಂದ ದಿನವೇ ಕರ್ಟ್ಜರ್, ಅದೇ ಹದಿನಾರು ವರ್ಷ ಹಿಂದಿನ ಕರ್ಟ್ಜರ್, ಮತ್ತೆ ಮೊದಲಿಂದ ಕಟ್ಟೋಣ ಅಂದರು. ಹೊಸ ಯೋಜನೆಗೆ ರಾಕಿ ಲಿನಕ್ಸ್ ಅಂತ ಹೆಸರಿಟ್ಟರು. ಸೆಂಟ್‌ಓಎಸ್ ಎಷ್ಟು ಬೆಳೆಯಿತು ಅನ್ನೋದನ್ನ ನೋಡಲು ಉಳಿಯದೇ ಹೋದ ರಾಕಿ ಮೆಕ್‌ಗಾ ನೆನಪಿಗೆ. ಇನ್ನೊಂದು ಕಡೆ ಕ್ಲೌಡ್‌ಲಿನಕ್ಸ್ ಕಂಪನಿ ವರ್ಷಕ್ಕೆ 10 ಲಕ್ಷ ಡಾಲರ್ ಕೊಡ್ತೀನಿ ಅಂತ ಅಲ್ಮಾಲಿನಕ್ಸ್ ಶುರು ಮಾಡಿತು. ಅಲ್ಮಾ ಅಂದರೆ ಸ್ಪ್ಯಾನಿಷ್‌ನಲ್ಲಿ ಆತ್ಮ. ಅದರ ಮೊದಲ ಆವೃತ್ತಿ 2021ರ ಮಾರ್ಚ್ 30ಕ್ಕೆ, ರಾಕಿಯದು ಜೂನ್ 21ಕ್ಕೆ ಬಂದವು. ರೆಡ್ ಹ್ಯಾಟ್ ಕೂಡ 16 ಸರ್ವರ್‌ವರೆಗೆ ತನ್ನ ಅಸಲಿಯನ್ನೇ ಬಿಟ್ಟಿ ಬಳಸಲು ಬಿಟ್ಟಿತು.

ಅಲ್ಲಿಗೆ ಮುಗಿಯಲಿಲ್ಲ. 2023ರ ಜೂನ್ 21ರಂದು ರೆಡ್ ಹ್ಯಾಟ್, ಇನ್ನು ಸಾರ್ವಜನಿಕರಿಗೆ ಸಿಗೋದು ಸ್ಟ್ರೀಮ್‌ನ ಕೋಡ್ ಮಾತ್ರ, ಎಂಟರ್‌ಪ್ರೈಸ್‌ನ ಕೋಡ್ ಗಿರಾಕಿಗಳಿಗೆ ಅಂದಿತು. ಬಯಲಲ್ಲಿ ಇಟ್ಟಿದ್ದ ಕಣಜ ಒಳಮನೆಗೆ ಹೋಯ್ತು. ಅಲ್ಮಾದವರು ಅಕ್ಷರಶಃ ಪ್ರತಿ ಮಾಡೋ ಹಟ ಬಿಟ್ಟು, ರೆಡ್ ಹ್ಯಾಟ್ ಮೇಲೆ ಓಡೋ ಪ್ರೋಗ್ರಾಂ ನಮ್ಮ ಮೇಲೂ ಓಡಿದರೆ ಸಾಕು ಅನ್ನೋ ದಾರಿ ಹಿಡಿದರು. ರಾಕಿಯ ಹಿಂದಿನ ಸಿಐಕ್ಯು, ಒರಾಕಲ್, ಸೂಸೆ ಮೂವರೂ ಸೇರಿ ಕೋಡ್ ಹಂಚಿಕೊಳ್ಳಲು ಓಪನ್ ಇಎಲ್ಎ ಅನ್ನೋ ಸಂಘ ಕಟ್ಟಿದರು.

ಇಷ್ಟೆಲ್ಲ ನಡೀತಾ ಇರುವಾಗ ಮಿಕ್ಕ ಸರ್ವರ್‌ಗಳು? 7ರ ಮೇಲೆ ಮಲಗಿದ್ದವು. ಗಡುವು ಬರೋ ಮೊದಲೇ ಸುತ್ತಲಿನ ಲೋಕ ಅವುಗಳನ್ನ ಕೈಬಿಡೋಕೆ ಶುರು ಮಾಡಿತ್ತು. 2024ರ ಫೆಬ್ರವರಿಯಲ್ಲಿ ವಿಎಸ್ ಕೋಡ್‌ನ ಹೊಸ ಆವೃತ್ತಿ ಬಂದಾಗ ಸೆಂಟ್‌ಓಎಸ್ 7 ಸರ್ವರ್‌ಗೆ ರಿಮೋಟ್ ಆಗಿ ಸೇರಿಕೊಂಡು ಕೆಲಸ ಮಾಡ್ತಿದ್ದವರ ಎಡಿಟರ್ ಒಂದು ಬೆಳಗ್ಗೆ ನಿಂತೇ ಹೋಯ್ತು. ಅದಕ್ಕೆ ಬೇಕಿದ್ದ ಜಿಲಿಬ್‌ಸಿ 2.28, ಸೆಂಟ್‌ಓಎಸ್ 7ರಲ್ಲಿ ಇದ್ದದ್ದು 2.17. ಎದ್ದ ಗಲಾಟೆ ನೋಡಿ ಅವರು ಒಂದಿಷ್ಟು ಸಮಯ ಕೊಟ್ಟರು. ಹಳೇ ಸಿಸ್ಟಂ ಕೆಡೋದು ಹೀಗೇ. ಅದರೊಳಗೆ ಏನೂ ಬದಲಾಗಿರಲ್ಲ, ಅಕ್ಕಪಕ್ಕದವರು ರಸ್ತೆ ಎತ್ತರಿಸಿರ್ತಾರೆ, ಮಳೆ ಬಂದಾಗ ನೀರು ನಮ್ಮನೆಗೆ ನುಗ್ಗುತ್ತೆ.

ಆ ವರ್ಷ ನಮ್ಮ ತಂಡದ ಪಾಲಿಗೆ ನಲವತ್ತು ಚಿಲ್ಲರೆ ಸರ್ವರ್ ಬಂದವು. ಕಂಪನಿಯ ಹೆಸರು ಬೇಡ, ಇಂಥದ್ದು ಇಲ್ಲದ ಕಂಪನಿ ಕಡಿಮೆ. ಅದರಲ್ಲಿ ಒಂದು ಸರ್ವರ್ ಸಾವಿರ ದಿನ ದಾಟಿ ರೀಬೂಟ್ ಆಗಿರಲಿಲ್ಲ. ಅದನ್ನ ಹೆಮ್ಮೆಯಿಂದ ತೋರಿಸಿದವರಿದ್ದರು. ಸಾವಿರ ದಿನ ರೀಬೂಟ್ ಆಗಿಲ್ಲ ಅಂದರೆ ಸಾವಿರ ದಿನದಲ್ಲಿ ಬಂದ ಕರ್ನಲ್ ತೇಪೆಗಳು ಪೆಟ್ಟಿಗೆಯಲ್ಲೇ ಇವೆ, ಮೈಮೇಲೆ ಬಂದಿಲ್ಲ ಅಂತ ಅರ್ಥ.

ನಾವು ಮೊದಲು ಮಾಡಿದ್ದು ಪಟ್ಟಿ. ಯಾವ ಸರ್ವರ್ ಮೇಲೆ ಏನು ಓಡುತ್ತೆ, ಯಾರಿಗೆ ಬೇಕು, ನಿಂತರೆ ಮೊದಲು ಫೋನ್ ಮಾಡೋರು ಯಾರು. ಇದಕ್ಕೇ ಮೂರು ವಾರ ಹಿಡಿಯಿತು. ಆಮೇಲೆ ದಾರಿ ಆರಿಸೋದು. ಇದ್ದಲ್ಲೇ 7ರಿಂದ 8ಕ್ಕೆ ಏರಿಸಲು ರೆಡ್ ಹ್ಯಾಟ್‌ನ ಲೀಪ್ ಅನ್ನೋ ಸಾಧನ ಇದೆ. ಅದರ ಮೇಲೆ ಅಲ್ಮಾದವರು ಕಟ್ಟಿದ ಎಲಿವೇಟ್ ಅನ್ನೋದೂ ಇದೆ. ಏರೋ ಮೊದಲು ಏನೇನು ಮುರಿಯಬಹುದು ಅಂತ ವರದಿ ಕೊಡುತ್ತೆ. ಆದರೆ ಪ್ರಧಾನ ಆವೃತ್ತಿ ಬದಲಾದರೆ ಹೊಸದಾಗಿಯೇ ಕಟ್ಟಿ ಅನ್ನೋದು ಸೆಂಟ್‌ಓಎಸ್ ಕಾಲದಿಂದ ಬಂದ ಬುದ್ಧಿಮಾತು. ನಾವು ಅದನ್ನೇ ಮಾಡಿದೆವು. ಪಕ್ಕದಲ್ಲಿ 9ರ ಹೊಸ ಮನೆ, ಸಾಮಾನು ಒಂದೊಂದೇ ಸಾಗಿಸೋದು, ಹಳೇ ಮನೆಯ ಬೀಗ ಕಡೆಗೆ.

ಸಾಗಿಸುವಾಗ ಹತ್ತು ವರ್ಷ ಒಟ್ಟಿಗೆ ಎದುರಿಗೆ ಬರುತ್ತೆ. 7ರಲ್ಲಿ ಪೈಥಾನ್ ಅಂದರೆ 2.7, 9ರಲ್ಲಿ 3.9. ಎಂದೋ ಕೆಲಸ ಬಿಟ್ಟು ಹೋದವರು ಬರೆದಿಟ್ಟ ಸ್ಕ್ರಿಪ್ಟುಗಳು ಮೊದಲ ಪ್ರಿಂಟ್ ಸಾಲಿಗೇ ಮುಗ್ಗರಿಸಿದವು. ಪಿಎಚ್‌ಪಿ 5.4 ಕಾಲದ ಕೋಡು, ಮರಿಯಾಡಿಬಿ 5.5ರ ಡೇಟಾ, ಎಲ್ಲಕ್ಕೂ ಕೈ ಹಾಕಬೇಕು. ಹಳೇ ಎನ್‌ಕ್ರಿಪ್ಷನ್ ಬಳಸೋ ಎದುರು ಕಡೆಯವರ ಜತೆ 9 ಮಾತೇ ಆಡಲ್ಲ, ಟಿಎಲ್ಎಸ್ 1.0, 1.1 ಎರಡೂ ಬಾಗಿಲಾಚೆ, ಶಾ-1 ಸಹಿಗೂ ಬೆಲೆ ಇಲ್ಲ. ಒಂದು ಕ್ರಾನ್ ಕೆಲಸ ಪ್ರತಿ ರಾತ್ರಿ ಎರಡೂವರೆಗೆ ಒಂದು ವರದಿ ತಯಾರು ಮಾಡಿ ಯಾರೂ ತೆಗೆಯದ ಫೋಲ್ಡರ್‌ಗೆ ಹಾಕ್ತಿತ್ತು, ವರ್ಷಗಟ್ಟಲೆ. ಅದನ್ನ ನಿಲ್ಲಿಸಿದಾಗ ಯಾರೂ ಫೋನ್ ಮಾಡಲಿಲ್ಲ.

ಗಡುವಿನ ಮರುದಿನದ ಕಥೆ ಇನ್ನೂ ಸ್ವಾರಸ್ಯ. ಸೆಂಟ್‌ಓಎಸ್ 7 ಮುಗಿದದ್ದು 2024ರ ಜೂನ್ 30. ಆಮೇಲೆ ಯಮ್ ಕಮಾಂಡ್ ಹೊಡೆದರೆ ಮಿರರ್ ಪಟ್ಟಿಯ ವಿಳಾಸವೇ ಸಿಗ್ತಿಲ್ಲ ಅನ್ನೋ ಸಾಲು. ಪ್ಯಾಕೇಜುಗಳೆಲ್ಲ ವಾಲ್ಟ್ ಅನ್ನೋ ಹಳೇ ಕಡತಗಳ ಕೋಣೆಗೆ ಹೋಗಿದ್ದವು. ಜುಲೈ 1ರಂದೇ ಕ್ವಾಲಿಸ್ ಸಂಸ್ಥೆ ಓಪನ್ ಎಸ್ಎಸ್ಎಚ್‌ನಲ್ಲಿ ಒಂದು ಭಾರೀ ತೂತು ಸಿಕ್ಕಿದೆ ಅಂತ ಪ್ರಕಟಿಸಿತು. ಅದು ಇದ್ದದ್ದು 8.5ರ ನಂತರದ ಆವೃತ್ತಿಗಳಲ್ಲಿ. 9ರಲ್ಲಿ ಇತ್ತು, 7ರಲ್ಲಿದ್ದ 7.4ರಲ್ಲಿ ಇರಲಿಲ್ಲ! "ನೋಡಿ, ನಿಮ್ಮ ಹೊಸದಕ್ಕೇ ರೋಗ" ಅಂತ ನಮ್ಮಲ್ಲೂ ಒಬ್ಬರು ಹೇಳಿದರು. 2014ರ ಹಾರ್ಟ್‌ಬ್ಲೀಡ್ ಸಮಯದಲ್ಲೂ ಹೀಗೇ ಆಗಿತ್ತು. ಸೆಂಟ್‌ಓಎಸ್ 6 ಸಿಕ್ಕಿಬಿತ್ತು, ಮುದಿ 5 ಪಾರಾಯ್ತು.

ನಾನು ಆ ಮಾತನ್ನ ತಳ್ಳಿಹಾಕಲಿಲ್ಲ, ಅದು ನಿಜ. ಆದರೆ ಅರ್ಧ ನಿಜ. 9ಕ್ಕೆ ತೇಪೆ ಬಂತು, ಹಾಕಿದೆವು, ಟೀ ಕುಡಿದೆವು. 7ರಲ್ಲಿ ಮುಂದೆ ಸಿಗೋ ತೂತಿಗೆ ತೇಪೆಯನ್ನ ಬಿಟ್ಟಿ ತರೋರು ಇಲ್ಲ. ಹೊಸ ಮನೆ ಸೋರಲ್ಲ ಅಂತ ಯಾರೂ ಹೇಳಿಲ್ಲ. ಸೋರಿದಾಗ ಮಾಡು ಹತ್ತೋ ಮನುಷ್ಯ ಇದ್ದಾನಾ ಅನ್ನೋದೇ ಪ್ರಶ್ನೆ.

ನಮ್ಮ ಕಡೆ ಕೆರೆಗಳಿಗೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ತೂಬು ತೆಗೆಯೋದು, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡೋದು, ಕಾಲುವೆ ಕಟ್ಟಿಕೊಂಡರೆ ಬಿಡಿಸೋದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಇಷ್ಟು ಕಾಳು ಅಂತ ಪಾಲಿರ್ತಿತ್ತು. ಪಾಲು ಕೊಡೋದು ನಿಂತ ಊರುಗಳಲ್ಲಿ ನೀರುಗಂಟಿ ಬೇರೆ ಕೆಲಸ ಹುಡುಕಿಕೊಂಡ. ಕೆರೆ ಮರುದಿನವೇ ಬತ್ತಲಿಲ್ಲ. ಹೂಳು ತುಂಬಿಕೊಳ್ಳೋಕೆ ಹತ್ತಾರು ವರ್ಷ ಬೇಕಾಯ್ತು, ಅಷ್ಟರಲ್ಲಿ ಕಾರಣ ಎಲ್ಲರಿಗೂ ಮರೆತಿತ್ತು. ಸೆಂಟ್‌ಓಎಸ್ ಕಟ್ಟುತ್ತಿದ್ದವರು ನಮ್ಮ ಲೋಕದ ನೀರುಗಂಟಿಗಳು. ನಾವೆಲ್ಲ ಆ ನೀರು ಕುಡಿದೇ ಬೆಳೆದದ್ದು. ಕಣದಲ್ಲಿ ಪಾಲು ಇಟ್ಟವರು ಕಡಿಮೆ. ಆ ಜಾಗ ಖಾಲಿಯಾದಾಗ ಯಾರ ಕೈಯಲ್ಲಿ ದುಡ್ಡಿತ್ತೋ ಅವರ ಕೈಗೆ ತೂಬು ಹೋಯ್ತು. ತೂಬು ಯಾವಾಗ ಮುಚ್ಚಬೇಕು ಅನ್ನೋದನ್ನೂ ಅವರೇ ತೀರ್ಮಾನ ಮಾಡಿದರು. ಇದರಲ್ಲಿ ಆಶ್ಚರ್ಯ ಏನಿದೆ?

ಆದ್ದರಿಂದ ನಮ್ಮ ತಂಡ ಆ ವರ್ಷದ ಬಜೆಟ್‌ಗೆ ಎರಡು ಸಾಲು ಸೇರಿಸಿತು. ಒಂದು, ನಾವು ಬಳಸೋ ಬಿಟ್ಟಿ ಸಿಸ್ಟಂನ ಫೌಂಡೇಶನ್‌ಗೆ ವರ್ಷಕ್ಕೊಂದು ದೇಣಿಗೆ. ಮೊತ್ತ ದೊಡ್ಡದಲ್ಲ, ಆಫೀಸಿನ ಒಂದು ಪಾರ್ಟಿಯ ಖರ್ಚಿಗಿಂತ ಕಡಿಮೆ. "ಬಿಟ್ಟಿ ಸಿಗೋದಕ್ಕೆ ಯಾಕೆ ದುಡ್ಡು?" ಅಂತ ಫೈನಾನ್ಸ್‌ನವರು ಕೇಳಿದರು, ಹೇಳಿದೆವು, ಒಪ್ಪಿದರು. ಎರಡನೆಯದು ಒಂದು ತಾರೀಕು: 2032ರ ಮೇ 31. ನಾವು ಈಗ ಕೂತಿರೋ 9ರ ವಾಯಿದೆ ಮುಗಿಯೋ ದಿನ. ಅದರ ಎರಡು ವರ್ಷ ಮುಂಚೆಯೇ ಮುಂದಿನ ಮನೆಯ ಪಾಯ ಶುರುವಾಗಬೇಕು ಅಂತ ಬರೆದಿಟ್ಟಿದ್ದೀವಿ. ಅಷ್ಟರಲ್ಲಿ ನಾನು ಆ ಕಂಪನಿಯಲ್ಲಿ ಇರ್ತೀನೋ ಇಲ್ವೋ, ಬರೆದ ಸಾಲು ಇರುತ್ತೆ.

ನಾಳೆ ಆಫೀಸಿಗೆ ಹೋದಾಗ ನಿಮ್ಮ ಸರ್ವರ್ ನೋಡಿಕೊಳ್ಳೋ ಹುಡುಗನನ್ನೋ ಹುಡುಗಿಯನ್ನೋ ಒಂದು ಕಾಫಿಗೆ ಕರೆಯಿರಿ. ನಮ್ಮ ತಾರೀಕು ಯಾವುದು ಅಂತ ಕೇಳಿ. ಉತ್ತರ ಥಟ್ಟನೆ ಬಂದರೆ ಕಾಫಿ ದುಡ್ಡು ನೀವೇ ಕೊಡಿ. ಬರದಿದ್ದರೂ ನೀವೇ ಕೊಡಿ, ಅವರ ಯಜಮಾನರು ಇನ್ನೂ ತಾರೀಕು ಕೊಟ್ಟಿಲ್ಲ ಅಂತ ಅರ್ಥ.